ಮೌಂಟನ್ ಬೈಕ್‌ನ ಹಿಂಬದಿ ಡಿರೇಲರ್: ದೋಷಗಳು ಮತ್ತು ನಿವಾರಣೆ

ಹಿಂಬದಿ ಡಿರೇಲರ್ ಎಂಬುದು ಗೇರ್ ಸೈಕಲ್‌ಗಳಲ್ಲಿ ಚೈನನ್ನು (ಸರಪಳಿಯನ್ನು) ಹಿಂಚಕ್ರದ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಾಗೂ ಚೈನ್ ಜೋಲು ಬೀಳದಂತೆ ಬಿಗಿಯಾಗಿ ಹಿಡಿದಿಡುವ ಸಾಧನವಾಗಿದೆ. ಮೌಂಟನ್ ಬೈಕ್‌ಗಳಲ್ಲಿ ಈ ಸಾಧನವು ನೆಲಕ್ಕೆ ಸಮೀಪದಲ್ಲಿ, ಚೌಕಟ್ಟಿನಿಂದ ಹೊರಚಾಚಿಕೊಂಡಿರುವುದರಿಂದ ಕಲ್ಲು, ಬೇರು, ಕೆಸರು ಮತ್ತು ಬೀಳುವಿಕೆಯ ಪೆಟ್ಟಿಗೆ ಸುಲಭವಾಗಿ ತುತ್ತಾಗುತ್ತದೆ. ಗೇರ್ ಸರಿಯಾಗಿ ಬದಲಾಗದಿರುವುದು, ಚೈನ್ ಜಾರುವುದು, ಸದ್ದು ಬರುವುದು ಇದರ ಸಾಮಾನ್ಯ ದೋಷಗಳು. ಇವುಗಳಲ್ಲಿ ಹೆಚ್ಚಿನವು ಕೇವಲ ಕಿರಿಕಿರಿ ಉಂಟುಮಾಡಿದರೂ, ಡಿರೇಲರ್ ತಿರುಗುತ್ತಿರುವ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡರೆ ಚಕ್ರ ಒಮ್ಮೆಲೇ ಸ್ತಬ್ಧಗೊಂಡು ಸವಾರನು ಬೀಳುವ ಮತ್ತು ಚೌಕಟ್ಟು ಮುರಿಯುವ ಅಪಾಯವಿದೆ. ಆದುದರಿಂದ ದೋಷದ ಮೂಲವನ್ನು ಕ್ರಮಬದ್ಧವಾಗಿ ಗುರುತಿಸುವುದು ಮುಖ್ಯ.

## ಹಿನ್ನೆಲೆ

'ಡಿರೇಲರ್' ಎಂಬ ಹೆಸರು ಹಳಿ ತಪ್ಪಿಸು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದಿದೆ. ಚೈನನ್ನು ಅದರ ಹಾದಿಯಿಂದ ಬೇಕೆಂದೇ ತಪ್ಪಿಸಿ ಪಕ್ಕದ ಹಲ್ಲುಚಕ್ರಕ್ಕೆ ಹತ್ತಿಸುವುದೇ ಇದರ ಕೆಲಸ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಪಾಲ್ ದ ವಿವೀ ಅವರು ಬಹುಗೇರ್ ಸೈಕಲ್‌ಗಳ ಪ್ರಯೋಗ ಮತ್ತು ಪ್ರಚಾರ ನಡೆಸಿದರು. ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಡಿರೇಲರ್ ಬಳಕೆಗೆ ಅನುಮತಿ ದೊರೆತದ್ದು 1937ರಲ್ಲಿ. ಇಟಲಿಯ ಕಂಪಾನ್ಯೋಲೊ ಸಂಸ್ಥೆಯು 1950ರ ದಶಕದ ಆರಂಭದಲ್ಲಿ ತಂದ 'ಗ್ರಾನ್ ಸ್ಪೋರ್ಟ್' ಮಾದರಿಯು ಸಮಾಂತರ ಚತುರ್ಭುಜ ರಚನೆಯನ್ನು ಜನಪ್ರಿಯಗೊಳಿಸಿತು. 1964ರಲ್ಲಿ ಜಪಾನಿನ ಸನ್‌ಟೂರ್ ಈ ಚತುರ್ಭುಜವನ್ನು ಓರೆಯಾಗಿಸಿ, ರಾಟೆಯು ಎಲ್ಲ ಹಲ್ಲುಚಕ್ರಗಳಿಂದಲೂ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಚಲಿಸುವಂತೆ ಮಾಡಿತು. 1984ರಲ್ಲಿ ಶಿಮಾನೊ ಸಂಸ್ಥೆಯು ಒಂದು ಕ್ಲಿಕ್‌ಗೆ ಒಂದು ಗೇರ್ ಬದಲಾಗುವ ಇಂಡೆಕ್ಸ್ ವ್ಯವಸ್ಥೆಯನ್ನು ಪರಿಚಯಿಸಿತು. ಅಲ್ಲಿಯವರೆಗೆ ಸವಾರರು ಸನ್ನೆಯನ್ನು ಅಂದಾಜಿನಲ್ಲಿ ಸರಿಸಿ, ಸದ್ದು ನಿಲ್ಲುವವರೆಗೆ ಕೈಯಿಂದಲೇ ಹೊಂದಿಸಿಕೊಳ್ಳುತ್ತಿದ್ದರು. ಇಂಡೆಕ್ಸ್ ವ್ಯವಸ್ಥೆ ಬಂದ ಮೇಲೆ ಆ ಹೊಂದಾಣಿಕೆಯನ್ನು ಕೇಬಲ್‌ನ ಬಿಗಿತವೇ ನಿರ್ಧರಿಸತೊಡಗಿತು. ಇಂದಿನ ಬಹುಪಾಲು ಗೇರ್ ದೋಷಗಳ ಬೇರು ಇಲ್ಲಿದೆ.

## ಭಾಗಗಳು

* ಹ್ಯಾಂಗರ್: ಚೌಕಟ್ಟಿಗೂ ಡಿರೇಲರ್‌ಗೂ ನಡುವಿನ ಕೊಂಡಿ. ಇಂದಿನ ಅಲ್ಯೂಮಿನಿಯಂ ಮತ್ತು ಕಾರ್ಬನ್ ಚೌಕಟ್ಟುಗಳಲ್ಲಿ ಇದನ್ನು ಬೇರೆ ಬಿಡಿಭಾಗವಾಗಿ, ಮೆತ್ತನೆಯ ಲೋಹದಲ್ಲಿ ಮಾಡಲಾಗುತ್ತದೆ. ಪೆಟ್ಟು ಬಿದ್ದಾಗ ತಾನು ಬಾಗಿ ಅಥವಾ ಮುರಿದು ಚೌಕಟ್ಟನ್ನು ಉಳಿಸುವುದು ಇದರ ಉದ್ದೇಶ.
* ಸಮಾಂತರ ಚತುರ್ಭುಜ: ಕೇಬಲ್ ಎಳೆದಾಗ ಒಳಕ್ಕೆ, ಸ್ಪ್ರಿಂಗ್‌ನ ಬಲದಿಂದ ಹೊರಕ್ಕೆ ಚಲಿಸುವ ಮುಖ್ಯ ದೇಹ.
* ಪಂಜರ ಮತ್ತು ರಾಟೆಗಳು: ಪಂಜರದಲ್ಲಿ ಎರಡು ರಾಟೆಗಳಿರುತ್ತವೆ. ಮೇಲಿನ ರಾಟೆ ಚೈನಿಗೆ ದಾರಿ ತೋರಿಸುತ್ತದೆ, ಕೆಳಗಿನ ರಾಟೆ ಚೈನನ್ನು ಬಿಗಿಯಾಗಿಡುತ್ತದೆ.
* ಮಿತಿ ಸ್ಕ್ರೂಗಳು: 'ಎಚ್' ಸ್ಕ್ರೂ ಅತಿ ಚಿಕ್ಕ ಹಲ್ಲುಚಕ್ರದ ಕಡೆಯ ಚಲನೆಗೂ, 'ಎಲ್' ಸ್ಕ್ರೂ ಅತಿ ದೊಡ್ಡ ಹಲ್ಲುಚಕ್ರದ ಕಡೆಯ ಚಲನೆಗೂ ಗಡಿ ಹಾಕುತ್ತವೆ.
* 'ಬಿ' ಸ್ಕ್ರೂ: ಮೇಲಿನ ರಾಟೆಗೂ ಹಲ್ಲುಚಕ್ರಗಳಿಗೂ ನಡುವಿನ ಅಂತರವನ್ನು ನಿಗದಿಪಡಿಸುತ್ತದೆ.
* ಬ್ಯಾರೆಲ್ ಅಡ್ಜಸ್ಟರ್: ಕೇಬಲ್‌ನ ಬಿಗಿತವನ್ನು ಸೂಕ್ಷ್ಮವಾಗಿ ಹೆಚ್ಚು ಕಡಿಮೆ ಮಾಡುವ ಟೊಳ್ಳು ತಿರುಪು. ಇದು ಶಿಫ್ಟರ್‌ನಲ್ಲಿ, ಡಿರೇಲರ್‌ನಲ್ಲಿ ಅಥವಾ ಎರಡೂ ಕಡೆ ಇರಬಹುದು.
* ಕ್ಲಚ್: ಉಬ್ಬುತಗ್ಗಿನ ಹಾದಿಯಲ್ಲಿ ಪಂಜರವು ಮುಂದಕ್ಕೆ ಜಿಗಿಯದಂತೆ ತಡೆಯುವ ಘರ್ಷಣ ವ್ಯವಸ್ಥೆ. ಇದು 2010ರ ದಶಕದ ಆರಂಭದಿಂದ ಮೌಂಟನ್ ಬೈಕ್‌ಗಳಲ್ಲಿ ಬಳಕೆಗೆ ಬಂದಿದೆ.

## ನಿಖರತೆಯ ಅಗತ್ಯ

ಹಲ್ಲುಚಕ್ರಗಳ ಸಂಖ್ಯೆ ಹೆಚ್ಚಿದಂತೆ ಅವುಗಳ ನಡುವಿನ ಅಂತರ ಕಡಿಮೆಯಾಗುತ್ತದೆ. ಶಿಮಾನೊ ಸಂಸ್ಥೆಯ 8 ಸ್ಪೀಡ್ ಕ್ಯಾಸೆಟ್‌ನಲ್ಲಿ ಒಂದು ಹಲ್ಲುಚಕ್ರದ ಮಧ್ಯದಿಂದ ಮುಂದಿನದರ ಮಧ್ಯಕ್ಕೆ 4.8 ಮಿ.ಮೀ. ದೂರವಿದ್ದರೆ, 10 ಸ್ಪೀಡ್ ಕ್ಯಾಸೆಟ್‌ನಲ್ಲಿ ಅದು 3.95 ಮಿ.ಮೀ.ಗೆ ಇಳಿಯುತ್ತದೆ. ಆ ಸಂಸ್ಥೆಯ 8 ಸ್ಪೀಡ್ ವ್ಯವಸ್ಥೆಯಲ್ಲಿ ಕೇಬಲ್ 1 ಮಿ.ಮೀ. ಚಲಿಸಿದರೆ ಡಿರೇಲರ್ ಸುಮಾರು 1.7 ಮಿ.ಮೀ. ಸರಿಯುತ್ತದೆ. ಅಂದರೆ ಕೇಬಲ್ ಕೇವಲ 1 ಮಿ.ಮೀ. ಸಡಿಲವಾದರೂ ರಾಟೆಯು ತನ್ನ ಜಾಗದಿಂದ ಒಂದು ಗೇರ್‌ನ ಅಂತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ದೂರ ತಪ್ಪುತ್ತದೆ. ಹೊಸ ಸೈಕಲ್ ಕೆಲವು ವಾರಗಳಲ್ಲೇ ಗೇರ್ ತಪ್ಪತೊಡಗುವುದಕ್ಕೆ ಇದೇ ಕಾರಣ: ಕೇಬಲ್‌ನ ಹೊರಕವಚ ಮತ್ತು ಅದರ ತುದಿಯ ಟೋಪಿಗಳು ತಮ್ಮ ಜಾಗದಲ್ಲಿ ಕೂತುಕೊಂಡು ಬಿಗಿತ ಇಳಿದಿರುತ್ತದೆ.

ಶಿಫ್ಟರ್ ಪ್ರತಿ ಕ್ಲಿಕ್‌ಗೆ ಎಳೆಯುವ ಕೇಬಲ್‌ನ ಉದ್ದ ಮತ್ತು ಡಿರೇಲರ್‌ನ ಪ್ರತಿಕ್ರಿಯೆ ಪರಸ್ಪರ ಹೊಂದಬೇಕು. ಶಿಮಾನೊ ಮತ್ತು ಸ್ರಾಮ್ ಸಂಸ್ಥೆಗಳ ಅನುಪಾತಗಳು ಬೇರೆ ಬೇರೆಯಾಗಿದ್ದು, ಒಂದೇ ಸಂಸ್ಥೆಯ ಬೇರೆ ತಲೆಮಾರಿನ ಭಾಗಗಳೂ ಹೊಂದದಿರಬಹುದು. ಭಾಗವೊಂದನ್ನು ಬದಲಾಯಿಸಿದ ನಂತರ ಯಾವ ಹೊಂದಾಣಿಕೆಗೂ ಗೇರ್ ಸರಿಹೋಗದಿದ್ದರೆ ಮೊದಲು ಈ ಹೊಂದಿಕೆಯನ್ನು ಪರಿಶೀಲಿಸಬೇಕು.

## ಪರಿಶೀಲನೆಯ ಕ್ರಮ

ಹೊಂದಾಣಿಕೆಯ ಪ್ರತಿಯೊಂದು ಹಂತವೂ ಅದರ ಹಿಂದಿನ ಹಂತ ಸರಿಯಾಗಿದೆ ಎಂಬ ಆಧಾರದ ಮೇಲೆ ನಿಂತಿರುತ್ತದೆ. ಹ್ಯಾಂಗರ್ ಬಾಗಿರುವಾಗ ಸ್ಕ್ರೂಗಳನ್ನು ತಿರುಗಿಸುವುದರಿಂದ ಒಂದು ಗೇರ್ ಸರಿಯಾಗಿ ಇನ್ನೊಂದು ಕೆಡುತ್ತದೆ. ಅಲ್ಲದೆ ಮೊದಲಿದ್ದ ಸರಿಯಾದ ಹೊಂದಾಣಿಕೆಯೂ ಕಳೆದುಹೋಗುತ್ತದೆ. ನಿನ್ನೆಯವರೆಗೆ ಸರಿಯಾಗಿದ್ದ ಸೈಕಲ್‌ನಲ್ಲಿ ಮಿತಿ ಸ್ಕ್ರೂಗಳು ತಾವಾಗಿಯೇ ತಿರುಗುವುದು ಅಪರೂಪ. ಬೇರೇನಾದರೂ ಬದಲಾಗಿರುವ ಸಾಧ್ಯತೆಯೇ ಹೆಚ್ಚು. ಆದುದರಿಂದ ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಸೂಕ್ತ.

### 1. ಚಕ್ರ, ಕ್ಯಾಸೆಟ್ ಮತ್ತು ಕೊಳೆ

ಹಿಂಚಕ್ರದ ಆಕ್ಸಲ್ ಪೂರ್ತಿ ಬಿಗಿಯಾಗಿದೆಯೇ, ಚಕ್ರ ತನ್ನ ಜಾಗದಲ್ಲಿ ನೇರವಾಗಿ ಕೂತಿದೆಯೇ ಎಂದು ಮೊದಲು ನೋಡಬೇಕು. ನಂತರ ಕ್ಯಾಸೆಟ್ಟನ್ನು ಕೈಯಿಂದ ಹಿಡಿದು ಪಕ್ಕಕ್ಕೆ ಅಲುಗಾಡಿಸಬೇಕು. ಅದು ಅಲುಗಿದರೆ ಕ್ಯಾಸೆಟ್‌ನ ಲಾಕ್‌ರಿಂಗ್ ಸಡಿಲವಾಗಿರಬಹುದು ಅಥವಾ ಹಬ್‌ನ ಬೇರಿಂಗ್ ಸವೆದಿರಬಹುದು. ಲಾಕ್‌ರಿಂಗನ್ನು ಸಾಮಾನ್ಯವಾಗಿ 40 ನ್ಯೂಟನ್ ಮೀಟರ್ ಬಲದಲ್ಲಿ ಬಿಗಿಯಲಾಗುತ್ತದೆ. ಹಲ್ಲುಗಳ ಸಂದಿಯಲ್ಲಿ ಒಣಗಿದ ಕೆಸರು, ಹುಲ್ಲು, ನಾರು ಸಿಲುಕಿದ್ದರೆ ಚೈನ್ ಪೂರ್ತಿ ಕೂರುವುದಿಲ್ಲ. ರಾಟೆಗಳ ಅಂಚಿನಲ್ಲಿ ಕಟ್ಟಿದ ಕಪ್ಪು ಜಿಡ್ಡನ್ನೂ ಕೆರೆದು ತೆಗೆಯಬೇಕು. ಸ್ವಚ್ಛಗೊಳಿಸಿದ ಮೇಲೆಯೇ ಉಳಿದ ದೋಷಗಳು ಸ್ಪಷ್ಟವಾಗಿ ಕಾಣುತ್ತವೆ.

### 2. ಹ್ಯಾಂಗರ್

ಸೈಕಲ್ಲನ್ನು ಹಿಂದಿನಿಂದ ನೋಡಿದಾಗ ಎರಡು ರಾಟೆಗಳೂ ಹಲ್ಲುಚಕ್ರದ ಸಮತಲದಲ್ಲಿ, ಒಂದರ ಕೆಳಗೊಂದು ನೇರವಾಗಿರಬೇಕು. ಪಂಜರದ ಕೆಳತುದಿ ಚಕ್ರದ ಕಡೆಗೆ ವಾಲಿದ್ದರೆ ಹ್ಯಾಂಗರ್ ಬಾಗಿರುವ ಸಂಭವ ಹೆಚ್ಚು. ಸೈಕಲ್ ಬಲಗಡೆಗೆ ಬಿದ್ದಾಗ, ಅಥವಾ ಸಾಗಣೆಯ ವೇಳೆ ಬಲಬದಿ ಒತ್ತಿದಾಗ ಹೀಗಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಾಗುವಿಕೆಯೂ 11 ಅಥವಾ 12 ಸ್ಪೀಡ್ ವ್ಯವಸ್ಥೆಯನ್ನು ಕೆಡಿಸಬಲ್ಲದು.

ನಿಖರ ಪರೀಕ್ಷೆಗೆ ಹ್ಯಾಂಗರ್ ಅಳತೆ ಸಾಧನ ಬೇಕು. ಡಿರೇಲರನ್ನು ಕಳಚಿ, ಅದರ ಜಾಗದಲ್ಲಿ ಉದ್ದನೆಯ ತೋಳುಳ್ಳ ಈ ಸಾಧನವನ್ನು ತಿರುಪಿ, ತೋಳಿನ ತುದಿಗೂ ರಿಮ್‌ಗೂ ಇರುವ ಅಂತರವನ್ನು ಮೇಲೆ, ಕೆಳಗೆ, ಮುಂದೆ, ಹಿಂದೆ ಹೀಗೆ ನಾಲ್ಕು ಕಡೆ ಅಳೆಯಲಾಗುತ್ತದೆ. ರಿಮ್ ಸೊಟ್ಟಗಿದ್ದರೂ ಅಳತೆ ತಪ್ಪದಿರಲು ಚಕ್ರವನ್ನು ತೋಳಿನೊಡನೆ ತಿರುಗಿಸುತ್ತ, ಪ್ರತಿ ಬಾರಿಯೂ ವಾಲ್ವ್ ಇರುವ ಜಾಗದಲ್ಲೇ ಅಳೆಯಬೇಕು. ಅಳತೆಗಳ ನಡುವಿನ ವ್ಯತ್ಯಾಸ ಕೆಲವೇ ಮಿ.ಮೀ.ಗಳೊಳಗೆ ಇರಬೇಕು. ಸ್ವಲ್ಪ ಬಾಗಿದ ಹ್ಯಾಂಗರನ್ನು ಇದೇ ಸಾಧನದಿಂದ ನಿಧಾನವಾಗಿ ನೇರಗೊಳಿಸಬಹುದು. ಅಲ್ಯೂಮಿನಿಯಂ ಹ್ಯಾಂಗರ್ ಪದೇ ಪದೇ ಬಾಗಿಸಿದರೆ ಬಿರುಕು ಬಿಡುವುದರಿಂದ, ಹೆಚ್ಚು ಬಾಗಿದ್ದನ್ನು ಬದಲಾಯಿಸುವುದೇ ಲೇಸು. ಹ್ಯಾಂಗರ್‌ಗಳ ಆಕಾರ ಸೈಕಲ್ ಮಾದರಿಯಿಂದ ಮಾದರಿಗೆ ಬೇರೆಯಾಗಿದ್ದು, ಬೇಕಾದಾಗ ಸಿಗದಿರುವುದೂ ಉಂಟು. ಈ ತೊಡಕಿನ ಪರಿಹಾರಕ್ಕಾಗಿ ಸ್ರಾಮ್ ಸಂಸ್ಥೆಯು 2019ರಲ್ಲಿ ಏಕರೂಪದ ಹ್ಯಾಂಗರ್ ವಿನ್ಯಾಸವೊಂದನ್ನು ಪರಿಚಯಿಸಿತು. ಅದನ್ನು ಹಲವು ತಯಾರಕರು ಅಳವಡಿಸಿಕೊಂಡಿದ್ದಾರೆ.

### 3. ಕೇಬಲ್ ಮತ್ತು ಹೊರಕವಚ

ಡಿರೇಲರನ್ನು ದೊಡ್ಡ ಹಲ್ಲುಚಕ್ರದ ಕಡೆಗೆ ಎಳೆಯುವುದು ಸವಾರನ ಹೆಬ್ಬೆರಳಿನ ಬಲ. ಚಿಕ್ಕದರ ಕಡೆಗೆ ಮರಳಿಸುವುದು ಸ್ಪ್ರಿಂಗ್ ಮಾತ್ರ. ಆದುದರಿಂದ ಕೇಬಲ್‌ನಲ್ಲಿ ತುಕ್ಕು, ಕೊಳೆ ಅಥವಾ ಮಡಿಕೆಯಿಂದ ಘರ್ಷಣೆ ಹೆಚ್ಚಿದಾಗ ಅದು ಮೊದಲು ಚಿಕ್ಕ ಹಲ್ಲುಚಕ್ರದ ಕಡೆಗಿನ ಬದಲಾವಣೆಯಲ್ಲಿ ಕಾಣಿಸಿಕೊಳ್ಳುತ್ತದೆ. ಬಿಗಿತವನ್ನು ಕಡಿಮೆ ಮಾಡಿದರೆ ಇದು ಸರಿಹೋದಂತೆ ತೋರಿದರೂ ಆಗ ದೊಡ್ಡದರ ಕಡೆಗಿನ ಬದಲಾವಣೆ ಕೆಡುತ್ತದೆ. ಎರಡೂ ದಿಕ್ಕಿನಲ್ಲಿ ಒಟ್ಟಿಗೆ ಸರಿಹೋಗದಿದ್ದರೆ ಅದು ಬಿಗಿತದ ದೋಷವಲ್ಲ, ಘರ್ಷಣೆಯ ಅಥವಾ ಹ್ಯಾಂಗರ್‌ನ ದೋಷ.

ಹೊರಕವಚ ಕೊನೆಗೊಳ್ಳುವ ಜಾಗಗಳಲ್ಲಿ, ವಿಶೇಷವಾಗಿ ಡಿರೇಲರ್‌ನ ಹಿಂದಿನ ಸುತ್ತಿನಲ್ಲಿ, ನೀರು ಮತ್ತು ಕೆಸರು ಸೇರುತ್ತದೆ. ಶಿಫ್ಟರ್‌ನ ಒಳಗೆ ಕೇಬಲ್‌ನ ಎಳೆಗಳು ಒಂದೊಂದಾಗಿ ಕಡಿದುಹೋಗುವುದೂ ಸಾಮಾನ್ಯ. ಪ್ರತಿದಿನ ಬಿಗಿತ ಸರಿಪಡಿಸಿದರೂ ಮತ್ತೆ ಮತ್ತೆ ಸಡಿಲವಾಗುತ್ತಿದ್ದರೆ ಇದನ್ನು ಶಂಕಿಸಬೇಕು. ಗೇರ್ ಕೇಬಲ್‌ನ ಹೊರಕವಚದ ಬದಲಿಗೆ ಬ್ರೇಕ್ ಕೇಬಲ್‌ನ ಹೊರಕವಚವನ್ನು ಬಳಸಬಾರದು. ಬ್ರೇಕ್ ಕವಚದೊಳಗಿನ ತಂತಿ ಸುರುಳಿಯಾಗಿದ್ದು ಒತ್ತಡಕ್ಕೆ ಕುಗ್ಗುತ್ತದೆ. ಗೇರ್ ಕವಚದಲ್ಲಿ ತಂತಿಗಳು ಉದ್ದುದ್ದಕ್ಕೆ ಸಾಗುವುದರಿಂದ ಉದ್ದ ಬದಲಾಗದು. ಅದೇ ಕಾರಣಕ್ಕೆ ಗೇರ್ ಕವಚವನ್ನು ಬ್ರೇಕ್‌ಗೆ ಬಳಸುವುದು ಅಪಾಯಕಾರಿ, ಅದು ಬ್ರೇಕ್‌ನ ಒತ್ತಡಕ್ಕೆ ಸೀಳಿಹೋಗಬಹುದು.

### 4. ಮಿತಿ ಸ್ಕ್ರೂಗಳು

'ಎಚ್' ಮಿತಿಯನ್ನು ಕೇಬಲ್ ಸಡಿಲವಿರುವಾಗ, ಚೈನ್ ಅತಿ ಚಿಕ್ಕ ಹಲ್ಲುಚಕ್ರದ ಮೇಲಿರುವಾಗ ನೋಡಬೇಕು. ಹಿಂದಿನಿಂದ ನೋಡಿದಾಗ ಮೇಲಿನ ರಾಟೆಯು ಆ ಹಲ್ಲುಚಕ್ರದ ನೇರ ಕೆಳಗಿರಬೇಕು. ಸ್ಕ್ರೂವನ್ನು ಪ್ರದಕ್ಷಿಣವಾಗಿ ತಿರುಗಿಸಿದರೆ ಡಿರೇಲರ್ ಒಳಕ್ಕೆ ಸರಿಯುತ್ತದೆ. ಈ ಮಿತಿ ಸಡಿಲವಿದ್ದರೆ ಚೈನ್ ಹಲ್ಲುಚಕ್ರಕ್ಕೂ ಚೌಕಟ್ಟಿಗೂ ನಡುವೆ ಬಿದ್ದು ಸಿಕ್ಕಿಕೊಳ್ಳುತ್ತದೆ.

'ಎಲ್' ಮಿತಿಯನ್ನು ಚೈನ್ ಅತಿ ದೊಡ್ಡ ಹಲ್ಲುಚಕ್ರದ ಮೇಲಿರುವಾಗ ನೋಡಬೇಕು. ಡಿರೇಲರನ್ನು ಕೈಯಿಂದ ಒಳಕ್ಕೆ ಒತ್ತಿದರೂ ಚೈನ್ ಹಲ್ಲುಚಕ್ರವನ್ನು ದಾಟಿ ಕಡ್ಡಿಗಳ ಕಡೆಗೆ ಹೋಗಬಾರದು. ಸ್ಕ್ರೂವನ್ನು ಪ್ರದಕ್ಷಿಣವಾಗಿ ತಿರುಗಿಸಿದರೆ ಡಿರೇಲರ್ ಕಡ್ಡಿಗಳಿಂದ ದೂರ ನಿಲ್ಲುತ್ತದೆ. ಕಡಿದಾದ ಏರಿನಲ್ಲಿ ಸವಾರನು ಪೂರ್ತಿ ಬಲ ಹಾಕುತ್ತಿರುವಾಗಲೇ ಈ ಗೇರ್ ಬಳಕೆಯಾಗುವುದರಿಂದ, 'ಎಲ್' ಮಿತಿಯ ತಪ್ಪು ಎಲ್ಲ ತಪ್ಪುಗಳಲ್ಲಿ ಹೆಚ್ಚು ಅಪಾಯಕಾರಿ. ಬಿದ್ದ ನಂತರ ಹ್ಯಾಂಗರ್ ಒಳಕ್ಕೆ ಬಾಗಿದ್ದರೆ ಮೊದಲು ಸರಿಯಾಗಿದ್ದ ಮಿತಿಯೂ ರಕ್ಷಣೆ ಕೊಡದು. ಆದುದರಿಂದ ಪ್ರತಿ ಬೀಳುವಿಕೆಯ ನಂತರ, ಸವಾರಿ ಮುಂದುವರಿಸುವ ಮೊದಲು, ಹಿಂಚಕ್ರವನ್ನು ಎತ್ತಿ ನಿಧಾನವಾಗಿ ದೊಡ್ಡ ಹಲ್ಲುಚಕ್ರಕ್ಕೆ ಬದಲಾಯಿಸಿ, ಪಂಜರ ಕಡ್ಡಿಗೆ ತಾಗದೆಂದು ಖಚಿತಪಡಿಸಿಕೊಳ್ಳಬೇಕು.

### 5. ಕೇಬಲ್‌ನ ಬಿಗಿತ

ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತಂದು, ಪೆಡಲ್ ತಿರುಗಿಸುತ್ತ ಶಿಫ್ಟರನ್ನು ಒಂದು ಕ್ಲಿಕ್ ಒತ್ತಬೇಕು. ಚೈನ್ ಎರಡನೆಯ ಹಲ್ಲುಚಕ್ರಕ್ಕೆ ಹತ್ತದಿದ್ದರೆ ಬಿಗಿತ ಕಡಿಮೆಯಿದೆ, ಬ್ಯಾರೆಲ್ ಅಡ್ಜಸ್ಟರನ್ನು ಅಪ್ರದಕ್ಷಿಣವಾಗಿ ತಿರುಗಿಸಬೇಕು. ಮೂರನೆಯದಕ್ಕೆ ಹಾರಿದರೆ ಅಥವಾ ಅದಕ್ಕೆ ಉಜ್ಜಿ ಸದ್ದು ಮಾಡಿದರೆ ಬಿಗಿತ ಹೆಚ್ಚಾಗಿದೆ, ಪ್ರದಕ್ಷಿಣವಾಗಿ ತಿರುಗಿಸಬೇಕು. ಒಮ್ಮೆಗೆ ಕಾಲು ಅಥವಾ ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿಸದೆ ಪ್ರತಿ ಬಾರಿಯೂ ಪರೀಕ್ಷಿಸುವುದು ಒಳ್ಳೆಯದು. ಶಿಮಾನೊದ ಕೆಲವು ಹಳೆಯ 'ರ‍್ಯಾಪಿಡ್ ರೈಸ್' ಡಿರೇಲರ್‌ಗಳಲ್ಲಿ ಸ್ಪ್ರಿಂಗ್ ದೊಡ್ಡ ಹಲ್ಲುಚಕ್ರದ ಕಡೆಗೆ ಎಳೆಯುವುದರಿಂದ ಈ ನಿಯಮ ತಿರುಗುಮುರುಗಾಗುತ್ತದೆ.

### 6. 'ಬಿ' ಸ್ಕ್ರೂವಿನ ಅಂತರ

ಮೇಲಿನ ರಾಟೆ ದೊಡ್ಡ ಹಲ್ಲುಚಕ್ರಕ್ಕೆ ತೀರ ಹತ್ತಿರವಿದ್ದರೆ ಗೊರಗೊರ ಸದ್ದು ಬರುತ್ತದೆ. ತೀರ ದೂರವಿದ್ದರೆ ಗೇರ್ ಬದಲಾವಣೆ ಎಲ್ಲ ಕಡೆಯೂ ಮಂದವಾಗುತ್ತದೆ. ಹಿಂದಿನ ವ್ಯವಸ್ಥೆಗಳಲ್ಲಿ ಕೆಲವೇ ಮಿ.ಮೀ. ಅಂತರ ಸಾಕಾಗುತ್ತಿತ್ತು. 50 ಅಥವಾ ಹೆಚ್ಚು ಹಲ್ಲುಗಳ ದೊಡ್ಡ ಹಲ್ಲುಚಕ್ರವಿರುವ 12 ಸ್ಪೀಡ್ ವ್ಯವಸ್ಥೆಗಳಲ್ಲಿ ತಯಾರಕರು ನೀಡುವ ಅಳತೆಪಟ್ಟಿ ಅಥವಾ ಡಿರೇಲರ್‌ನ ಮೇಲಿನ ಗುರುತನ್ನು ಬಳಸಬೇಕು. ಹಿಂಬದಿ ಸಸ್ಪೆನ್ಶನ್ ಇರುವ ಸೈಕಲ್‌ಗಳಲ್ಲಿ ಸವಾರ ಕೂತಾಗ ಈ ಅಂತರ ಬದಲಾಗುವುದರಿಂದ, ಹಲವು ವ್ಯವಸ್ಥೆಗಳಲ್ಲಿ ಸವಾರನನ್ನು ಕೂರಿಸಿಯೇ ಅಳೆಯಬೇಕೆಂಬ ಸೂಚನೆಯಿರುತ್ತದೆ.

## ಸವೆತದಿಂದ ಬರುವ ದೋಷಗಳು

ಬಲ ಹಾಕಿ ತುಳಿದಾಗ ಮಾತ್ರ ಚೈನ್ ಜಾರುತ್ತಿದ್ದರೆ ಅದು ಬಹುತೇಕ ಸವೆತದ ಲಕ್ಷಣ. ಅಂತಹ ಸಂದರ್ಭದಲ್ಲಿ ಹೊಂದಾಣಿಕೆಯಿಂದ ಪ್ರಯೋಜನವಿಲ್ಲ. ಚೈನ್ 'ಉದ್ದವಾಗುವುದು' ಎಂದರೆ ಅದರ ಪಟ್ಟಿಗಳು ಹಿಗ್ಗುವುದಲ್ಲ, ಪಿನ್ನುಗಳು ಮತ್ತು ಅವು ಕೂರುವ ರಂಧ್ರಗಳ ಮೈ ಸವೆಯುವುದು. ಸೈಕಲ್ ಚೈನಿನ ಎರಡು ಪಿನ್ನುಗಳ ನಡುವಿನ ದೂರ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹೀಗಾಗಿ ಹೊಸ ಚೈನಿನಲ್ಲಿ 24 ಅಂತರಗಳು ಸೇರಿ 304.8 ಮಿ.ಮೀ. ಆಗುತ್ತವೆ. ಇದು 1.5 ಮಿ.ಮೀ. ಹೆಚ್ಚಿದ್ದರೆ ಸವೆತ ಶೇಕಡಾ 0.5, ಸುಮಾರು 2.3 ಮಿ.ಮೀ. ಹೆಚ್ಚಿದ್ದರೆ ಶೇಕಡಾ 0.75. ಸಾಮಾನ್ಯವಾಗಿ 11 ಮತ್ತು 12 ಸ್ಪೀಡ್ ಚೈನುಗಳನ್ನು ಶೇಕಡಾ 0.5ರಲ್ಲಿ, 10 ಅಥವಾ ಕಡಿಮೆ ಸ್ಪೀಡ್‌ನವನ್ನು ಶೇಕಡಾ 0.75ರಲ್ಲಿ ಬದಲಾಯಿಸಲು ಸಲಹೆ ನೀಡಲಾಗುತ್ತದೆ. ತಡಮಾಡಿದರೆ ಸವೆದ ಚೈನ್ ಹಲ್ಲುಗಳನ್ನೂ ಸವೆಸುತ್ತದೆ. ಆ ಮೇಲೆ ಹೊಸ ಚೈನ್ ಹಾಕಿದರೂ ಹಳೆಯ ಕ್ಯಾಸೆಟ್ ಮೇಲೆ ಅದು ಜಾರುತ್ತದೆ. ಸಕಾಲದಲ್ಲಿ ಬದಲಾಯಿಸಿದ ಚೈನ್ ಅದಕ್ಕಿಂತ ಹೆಚ್ಚು ಬೆಲೆಯ ಕ್ಯಾಸೆಟ್ಟನ್ನು ಉಳಿಸುತ್ತದೆ.

ಚೈನ್ ಒಂದೇ ಲಯದಲ್ಲಿ, ಹಲವು ಸುತ್ತುಗಳಿಗೊಮ್ಮೆ ಕುಪ್ಪಳಿಸಿದರೆ ಎಲ್ಲೋ ಒಂದು ಕೊಂಡಿ ಬಿಗಿದುಕೊಂಡಿದೆ ಎಂದರ್ಥ. ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ, ರಾಟೆಗಳ ಮೇಲೆ ನೇರವಾಗದೆ ಮಡಿದೇ ಉಳಿಯುವ ಕೊಂಡಿಯನ್ನು ಗುರುತಿಸಬಹುದು.

## ಲಕ್ಷಣಗಳ ಪಟ್ಟಿ

| ಲಕ್ಷಣ | ಸಂಭಾವ್ಯ ಕಾರಣ | ಮೊದಲ ಕ್ರಮ |
|---|---|---|
| ದೊಡ್ಡ ಹಲ್ಲುಚಕ್ರಕ್ಕೆ ಹತ್ತಲು ತಡ | ಕೇಬಲ್ ಸಡಿಲ | ಅಡ್ಜಸ್ಟರ್ ಅಪ್ರದಕ್ಷಿಣವಾಗಿ |
| ಚಿಕ್ಕ ಹಲ್ಲುಚಕ್ರಕ್ಕೆ ಇಳಿಯಲು ತಡ | ಘರ್ಷಣೆ ಅಥವಾ ಅತಿ ಬಿಗಿತ | ಕೇಬಲ್, ಕವಚ ಪರೀಕ್ಷೆ |
| ಎರಡೂ ದಿಕ್ಕಿನಲ್ಲಿ ತಡ | ಬಾಗಿದ ಹ್ಯಾಂಗರ್, ಘರ್ಷಣೆ | ಹ್ಯಾಂಗರ್ ಅಳತೆ |
| ಕೆಲವು ಗೇರ್ ಸರಿ, ಕೆಲವು ತಪ್ಪು | ಬಾಗಿದ ಹ್ಯಾಂಗರ್, ಹೊಂದದ ಭಾಗಗಳು | ಹ್ಯಾಂಗರ್ ಅಳತೆ |
| ಚೈನ್ ಕಡ್ಡಿಗಳ ಕಡೆ ಬೀಳುವುದು | 'ಎಲ್' ಮಿತಿ, ಬಾಗಿದ ಹ್ಯಾಂಗರ್ | ಸವಾರಿ ನಿಲ್ಲಿಸಿ ಪರೀಕ್ಷೆ |
| ಚೈನ್ ಚೌಕಟ್ಟಿನ ಕಡೆ ಬೀಳುವುದು | 'ಎಚ್' ಮಿತಿ | ಸ್ಕ್ರೂ ಪ್ರದಕ್ಷಿಣವಾಗಿ |
| ಬಲ ಹಾಕಿದಾಗ ಜಾರುವುದು | ಚೈನ್, ಕ್ಯಾಸೆಟ್ ಸವೆತ | ಚೈನ್ ಅಳತೆ |
| ಸಸ್ಪೆನ್ಶನ್ ಕುಗ್ಗಿದಾಗ ಗೇರ್ ತಾನೇ ಬದಲಾಗುವುದು | ಹೊರಕವಚದ ಉದ್ದ ಸಾಲದು | ಕವಚ ಬದಲಾವಣೆ |
| ಉಬ್ಬುತಗ್ಗಿನಲ್ಲಿ ಚೈನ್ ಕಳಚುವುದು | ಕ್ಲಚ್ ಬಂದ್ ಆಗಿದೆ ಅಥವಾ ಸವೆದಿದೆ | ಕ್ಲಚ್ ಪರೀಕ್ಷೆ |
| ತುಳಿಯುವುದನ್ನು ನಿಲ್ಲಿಸಿದಾಗ ಮೇಲ್ಭಾಗದ ಚೈನ್ ಜೋಲು ಬೀಳುವುದು | ಹಬ್‌ನ ಫ್ರೀಹಬ್ ಬಿಗಿದಿದೆ | ಹಬ್ ದುರಸ್ತಿ |

## ಹಾದಿಯಲ್ಲಿ ತಾತ್ಕಾಲಿಕ ಪರಿಹಾರ

ಕೇಬಲ್ ತುಂಡಾದರೆ ಸ್ಪ್ರಿಂಗ್ ಡಿರೇಲರನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ಎಳೆಯುತ್ತದೆ. ಆ ಗೇರ್‌ನಲ್ಲಿ ಏರು ಹತ್ತುವುದು ಕಷ್ಟ. 'ಎಚ್' ಸ್ಕ್ರೂವನ್ನು ಒಳಕ್ಕೆ ತಿರುಗಿಸಿ ಎರಡನೆಯ ಅಥವಾ ಮೂರನೆಯ ಹಲ್ಲುಚಕ್ರದಲ್ಲಿ ಚೈನನ್ನು ನಿಲ್ಲಿಸಬಹುದು. ಡಿರೇಲರ್ ಅಥವಾ ಹ್ಯಾಂಗರ್ ಮುರಿದರೆ, ಚೈನ್ ಬಿಚ್ಚುವ ಸಾಧನದಿಂದ ಚೈನನ್ನು ಕಡಿಮೆ ಮಾಡಿ, ಡಿರೇಲರ್ ಇಲ್ಲದೆಯೇ ಒಂದೇ ಗೇರ್‌ನಲ್ಲಿ ಮನೆ ಸೇರಬಹುದು. ಹಿಂಬದಿ ಸಸ್ಪೆನ್ಶನ್ ಇರುವ ಸೈಕಲ್‌ಗಳಲ್ಲಿ ಸಸ್ಪೆನ್ಶನ್ ಕುಗ್ಗಿದಾಗ ಚೈನಿಗೆ ಬೇಕಾದ ಉದ್ದ ಹೆಚ್ಚುವುದರಿಂದ, ಹೀಗೆ ಬಿಗಿಯಾಗಿ ಕಟ್ಟಿದ ಚೈನ್ ತುಂಡಾಗಬಹುದು. ಅಂತಹ ಸೈಕಲ್ಲನ್ನು ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ನಡೆಸಬೇಕು, ಇಲ್ಲವೇ ತಳ್ಳಿಕೊಂಡು ಹೋಗಬೇಕು. ಚೈನಿನ ಸ್ಪೀಡ್‌ಗೆ ಹೊಂದುವ ಒಂದು ಜೋಡಣೆ ಕೊಂಡಿ, ಒಂದು ಹೆಚ್ಚುವರಿ ಹ್ಯಾಂಗರ್ ಮತ್ತು ಆಲನ್ ಕೀಗಳ ಗೊಂಚಲು ದೂರದ ಸವಾರಿಗೆ ಅವಶ್ಯ.

## ವಿದ್ಯುನ್ಮಾನ ಮತ್ತು ಹ್ಯಾಂಗರ್‌ರಹಿತ ವ್ಯವಸ್ಥೆಗಳು

ಬ್ಯಾಟರಿ ಚಾಲಿತ ಡಿರೇಲರ್‌ಗಳಲ್ಲಿ ಕೇಬಲ್ ಇಲ್ಲದಿರುವುದರಿಂದ ಘರ್ಷಣೆ ಮತ್ತು ಬಿಗಿತದ ದೋಷಗಳು ಬರುವುದಿಲ್ಲ. ಸೂಕ್ಷ್ಮ ಹೊಂದಾಣಿಕೆಯನ್ನು ಗುಂಡಿ ಒತ್ತಿ ಮಾಡಲಾಗುತ್ತದೆ. ಆದರೆ ಹ್ಯಾಂಗರ್‌ಗೆ ಜೋಡಿಸುವ ಮಾದರಿಗಳಲ್ಲಿ ಬಾಗುವಿಕೆ, ಮಿತಿ ಮತ್ತು ಅಂತರದ ಪರಿಶೀಲನೆ ಮೊದಲಿನಂತೆಯೇ ಉಳಿಯುತ್ತದೆ. 2023ರಲ್ಲಿ ಸ್ರಾಮ್ ಸಂಸ್ಥೆಯು ಹ್ಯಾಂಗರ್ ಇಲ್ಲದೆ ನೇರವಾಗಿ ಆಕ್ಸಲ್ ಸುತ್ತ ಚೌಕಟ್ಟಿಗೆ ಜೋಡಿಸುವ, ಮಿತಿ ಸ್ಕ್ರೂಗಳಿಲ್ಲದ ಮೌಂಟನ್ ಬೈಕ್ ಡಿರೇಲರ್‌ಗಳನ್ನು ಬಿಡುಗಡೆ ಮಾಡಿತು. ಏಕರೂಪದ ಹ್ಯಾಂಗರ್‌ಗೆಂದು ರೂಪಿಸಿದ ಚೌಕಟ್ಟುಗಳಿಗಷ್ಟೇ ಇವು ಹೊಂದುತ್ತವೆ.

## ನಿರ್ವಹಣೆ ಮತ್ತು ಎಚ್ಚರಿಕೆ

ಕೆಸರಿನ ಸವಾರಿಯ ನಂತರ ಚೈನನ್ನು ತೊಳೆದು, ಒರೆಸಿ, ಒಣಗಿಸಿ, ಪ್ರತಿ ಕೊಂಡಿಗೂ ಒಂದು ಹನಿಯಂತೆ ಎಣ್ಣೆ ಹಾಕಿ, ಹೊರಮೈಯ ಹೆಚ್ಚುವರಿ ಎಣ್ಣೆಯನ್ನು ಒರೆಸಬೇಕು. ಹೊರಗೆ ಉಳಿದ ಎಣ್ಣೆ ಧೂಳನ್ನು ಹಿಡಿದು ಸವೆತವನ್ನು ಹೆಚ್ಚಿಸುತ್ತದೆ. ಡಿಸ್ಕ್ ಬ್ರೇಕ್‌ನ ತಟ್ಟೆಗೆ ಎಣ್ಣೆ ಸೋಕಿದರೆ ಬ್ರೇಕ್ ಹಿಡಿತ ಕಳೆದುಕೊಳ್ಳುವುದರಿಂದ ಸಿಂಪಡಿಸುವ ಎಣ್ಣೆಯನ್ನು ಬಳಸದಿರುವುದು ಕ್ಷೇಮ. ಪರೀಕ್ಷೆಯ ವೇಳೆ ಪೆಡಲ್ ತಿರುಗುತ್ತಿರುವಾಗ ಬೆರಳು, ಬಟ್ಟೆ ಅಥವಾ ಉಪಕರಣವನ್ನು ಚೈನ್, ಕಡ್ಡಿ ಮತ್ತು ಡಿಸ್ಕ್ ತಟ್ಟೆಯ ಬಳಿ ಒಯ್ಯಬಾರದು. ಸೈಕಲ್ಲನ್ನು ಮಲಗಿಸುವಾಗ ಡಿರೇಲರ್ ಇರುವ ಬಲಬದಿ ಮೇಲಿರಬೇಕು. ವಾಹನದಲ್ಲಿ ಸಾಗಿಸುವಾಗ ಚೈನನ್ನು ದೊಡ್ಡ ಹಲ್ಲುಚಕ್ರಕ್ಕೆ ತಂದರೆ ಡಿರೇಲರ್ ಚೌಕಟ್ಟಿನ ಒಳಗಡೆ ಸರಿದು ಪೆಟ್ಟಿನಿಂದ ಪಾರಾಗುತ್ತದೆ. ದೂರದ ಪ್ರಯಾಣಕ್ಕೆ ಡಿರೇಲರನ್ನೇ ಕಳಚಿ, ಬಟ್ಟೆಯಲ್ಲಿ ಸುತ್ತಿ, ಚೌಕಟ್ಟಿಗೆ ಕಟ್ಟುವುದು ಇನ್ನೂ ಸುರಕ್ಷಿತ.